ಅಳ್ಳಾಡೂದನ್ನ ತಗೀರಿ

ಸಾಂಗಲಿಯ ವಿಶ್ರಾಮಬಾಗದ ಸಭಾಗೃಹದಲ್ಲಿ ನಮ್ಮ ಸರ್ ಅವರ ಶೋಕಸಭೆ ನಡೆದ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ವೇದಿಕೆಯ ಮೇಲೆ ಹಾರ ಹಾಕಿದ ಫೋಟೋ. ಹಣೆಯ ಮೇಲೆ ವಿಭೂತಿ, ಬಿಳಿ ಅಂಗಿ, ಅಂಗಿಯ ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಟೆಸ್ಟರ್. ಒಬ್ಬರಾದ ಮೇಲೊಬ್ಬರು ಎದ್ದು ಮರಾಠಿಯಲ್ಲಿ ಹೊಗಳಿದರು. ಸಾಂಗಲಿಯ ಪೇಟೆಗೆ ಕಣ್ಣು ಕೊಟ್ಟ ಪುಣ್ಯಾತ್ಮ, ಕುಪವಾಡ ಎಂಐಡಿಸಿ ಕೈಗಾರಿಕಾ ವಸಾಹತಿನ ಮಾಲೀಕರು ನಿಶ್ಚಿಂತೆಯಿಂದ ನಿದ್ದೆ ಮಾಡಿದ್ದೇ ಇವರಿಂದ ಎಂದರು. ಒಬ್ಬ ಅರಿಶಿನ ವ್ಯಾಪಾರಿಯಂತೂ ಕಣ್ಣೊರೆಸಿಕೊಂಡು, ಇವರು ಹಾಕಿದ ಕ್ಯಾಮರಾದ ಮುಂದೆ ಒಂದು ಇರುವೆ ಹರಿದರೂ ಗೊತ್ತಾಗುತ್ತಿತ್ತು ಎಂದರು. ಇರುವೆ ಎಂಬ ಮಾತು ಕೇಳಿ ನನಗೆ ನಗು ಬಂತು. ಸಣ್ಣ ನಗುವಲ್ಲ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಅವರ ಕೈಕೆಳಗೆ ಎಲ್ಲರಿಗಿಂತ ಹೆಚ್ಚು ಕಾಲ ಬಾಳಿದವಳು ನಾನೇ ಆದ್ದರಿಂದ ನನ್ನನ್ನೂ ಎರಡು ಮಾತಾಡಲು ಕರೆದರು. ನಾನು ಮೈಕಿನ ಮುಂದೆ ನಿಂತು ಕನ್ನಡದಲ್ಲಿ ಹೇಳಿದೆ: “ಸರ್ ಬಗ್ಗೆ ಹೇಳಾಕ ಹೊಸಾದೇನಿಲ್ರಿ.” ಹೇಳಿ ಬಂದು ಕೂತೆ. ಅವರ ಅಂಗಡಿಯಲ್ಲಿ ದುಡಿದವರು ಅಲ್ಲಲ್ಲಿ ಕೂತಿದ್ದರು. ಆ ಮಾತಿನ ಉರಿ ಗೊತ್ತಿದ್ದುದರಿಂದ ಅವರೆಲ್ಲ ತಲೆ ತಗ್ಗಿಸಿದರು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಇದ್ದಾಗ ಆಡಲು ಅವರು ಬಿಡಲಿಲ್ಲ, ಸತ್ತಾಗ ಆಡಲು ಊರು ಬಿಡುವುದಿಲ್ಲ. ಹಾಗಾದರೆ ಆಡುವುದು ಯಾವಾಗ? ನನಗೆ ಅವರ ಮೇಲೆ ಸಿಟ್ಟಿದೆ. ಅದನ್ನು ಮುಚ್ಚಿಟ್ಟುಕೊಂಡು ಬರೆಯುವಷ್ಟು ಒಳ್ಳೆಯವಳು ನಾನಲ್ಲ.

ಅವರದು ನಾಲ್ಕು ತಲೆಮಾರಿನ ಹಿಂದೆ ಕರ್ನಾಟಕದಿಂದ ಬಂದು ಸಾಂಗಲಿಯಲ್ಲಿ ಅರಿಶಿನದ ದಲ್ಲಾಳಿ ಅಡತಿ ಹಾಕಿದ ಮನೆತನ. ಅಣ್ಣತಮ್ಮಂದಿರು ಪೇಟೆಯಲ್ಲೇ ಉಳಿದರು. ಇವರು ಬೇರೆಯಾಗಿ ವಿಶ್ರಾಮಬಾಗದಲ್ಲಿ ಕ್ಯಾಮರಾ ಅಂಗಡಿ ತೆರೆದರು. ಡಿಪ್ಲೊಮಾ ಮುಗಿಸಿದ ನಾನು ಮಿರಜದ ಹತ್ತಿರದ ಬೇಡಗದಿಂದ ಬಸ್ಸಿನಲ್ಲಿ ಬಂದು ಅಲ್ಲಿ ಕೆಲಸಕ್ಕೆ ಸೇರಿದೆ. ಗಿರಾಕಿಯ ಜೊತೆ ಅವರದು ಬೆಣ್ಣೆಯಂಥ ಮರಾಠಿ. ಗಿರಾಕಿ ಮೆಟ್ಟಿಲು ಇಳಿದ ಕೂಡಲೇ ಕನ್ನಡ ಶುರು. ಅವರ ಬಾಯಲ್ಲಿ ನಮ್ಮ ಭಾಷೆ ಬೈಯುವುದಕ್ಕೆಂದೇ ಹುಟ್ಟಿದ್ದು ಎಂದು ಮರಾಠಿ ಹುಡುಗರು ತಿಳಿದಿದ್ದರು. ಅಂಗಡಿ ಸೇರಿದ ವಾರದಲ್ಲೇ ಆ ಹುಡುಗರಿಗೆ ಕನ್ನಡ ಅರ್ಥವಾಗತೊಡಗುತ್ತಿತ್ತು.

ಅವರಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು, ಅದನ್ನು ಇಲ್ಲವೆನ್ನಲಾರೆ. ಕ್ಯಾಮರಾದ ಚಿತ್ರ ಅಷ್ಟು ಸಣ್ಣ ಇಂಟರ್ನೆಟ್ ಲೈನಿನಲ್ಲಿ ಹೇಗೆ ಹಾದುಹೋಗುತ್ತದೆ ಎಂದು ನಾನು ಮೊದಲ ಸಲ ಕೇಳಿದಾಗ ಅವರು ಕೊಟ್ಟ ಉತ್ತರವನ್ನು ಇಂದಿಗೂ ನನ್ನ ಅಂಗಡಿಯ ಹುಡುಗಿಯರಿಗೆ ಹಾಗೆಯೇ ಹೇಳಿಕೊಡುತ್ತೇನೆ.

“ನಿಮ್ಮ ಚಿಗವ್ವ ಜತ್ತ ಊರಿಂದ ಫೋನ್ ಮಾಡ್ತಾಳ ಅಂತ ತಿಳಕೋ,” ಎಂದರು. “ನಮ್ಮ ಮನೀಗೆ ನಾಕ ಗ್ವಾಡಿ ಅದಾವ, ಬಾಗಲಾ ಮೂಡಲಕ್ಕೈತಿ, ಒಲಿ ಮೂಲ್ಯಾಗೈತಿ ಅಂತ ದಿನಾ ಹೇಳತಾಳೇನು? ಇಲ್ಲ. ಆಕಳ ಈದೈತಿ, ಸೊಸಿ ಸಿಟ್ಟಾಗ್ಯಾಳ, ಅಷ್ಟ ಹೇಳಿ ಇಡ್ತಾಳ. ಉಳದದ್ದು ನಿನಗ ಗೊತ್ತೈತಿ. ಕ್ಯಾಮರಾನೂ ಹಂಗ. ಒಮ್ಮೆ ಪೂರಾ ಚಿತ್ರ ಕಳಸತೈತಿ. ಆಮ್ಯಾಲ ಏನ್ ಬದಲಾಗೇತಿ ಅದನ್ನಷ್ಟ ಕಳಸತೈತಿ. ಗ್ವಾಡಿ ಅಳ್ಳಾಡೂದಿಲ್ಲ, ಗ್ವಾಡೀನ ಮತ್ತ ಮತ್ತ ಯಾಕ ಕಳಸಬೇಕು?”

ಇಷ್ಟು ಚೆನ್ನಾಗಿ ಹೇಳಿ, ಕೊನೆಗೆ, “ತಿಳೀತೇನು ಎಮ್ಮಿ?” ಎಂದರು. ಅವರಿಂದ ಏನನ್ನೇ ಕಲಿತರೂ ಹಿಂದೆಯೇ ಇಂಥದೊಂದು ಬರುತ್ತಿತ್ತು.

ಒಂದೇ ಸಣ್ಣ ಲೈನಿನ ಮೇಲೆ ಬೇರೆಯವರು ನಾಲ್ಕು ಕ್ಯಾಮರಾ ಓಡಿಸಿದರೆ ಇವರು ಹನ್ನೆರಡು ಓಡಿಸುತ್ತಾರೆ ಎಂಬುದು ಪೇಟೆಯಲ್ಲಿ ಅವರ ಹೆಸರು. ಮಾಲೀಕರು ಮಿರಜದಲ್ಲೋ ಮುಂಬೈಯಲ್ಲೋ ಕೂತು ಫೋನಿನಲ್ಲಿ ಗೋದಾಮು ನೋಡಬೇಕು, ಚಿತ್ರ ಎಲ್ಲೂ ನಿಲ್ಲಬಾರದು. ಮೊದಮೊದಲು ಅವರು ಎಲ್ಲರಂತೆ ಯಂತ್ರವನ್ನೇ ತಿದ್ದಿ ಈ ಕೆಲಸ ಮಾಡುತ್ತಿದ್ದರು. ಸೆಕೆಂಡಿಗೆ ಕಳಿಸುವ ಚಿತ್ರಗಳನ್ನು ಇಳಿಸುವುದು, ಚಿತ್ರವನ್ನು ಹೆಚ್ಚು ಒತ್ತಿ ಸಣ್ಣದಾಗಿಸಿ ಕಳಿಸುವ ಹೊಸ ಬಗೆಯ ಕ್ಯಾಮರಾ ತರಿಸುವುದು. ಆಮೇಲೆ ಅವರಿಗೆ ಸುಲಭದ ದಾರಿಯೊಂದು ಹೊಳೆಯಿತು. ಬದಲಾದದ್ದನ್ನು ಮಾತ್ರ ಕಳಿಸುವುದಾದರೆ, ಬದಲಾಗುವುದನ್ನೇ ಇಲ್ಲವಾಗಿಸಿದರೆ ಮುಗಿಯಿತಲ್ಲ. ಯಂತ್ರವನ್ನು ಬಿಟ್ಟು ಅವರು ಲೋಕವನ್ನು ತಿದ್ದತೊಡಗಿದರು.

“ಅಳ್ಳಾಡೂದನ್ನ ತಗೀರಿ.” ಯಾವ ಜಾಗಕ್ಕೆ ಹೋದರೂ ಏಣಿ ಇಳಿಸುವ ಮೊದಲೇ ಇದು ಅವರ ಬಾಯಿಂದ ಬರುತ್ತಿತ್ತು. ಬೇವಿನ ಟೊಂಗೆ ಗಾಳಿಗೆ ಆಡುತ್ತದೆ, ಕಡಿಯಿರಿ. ಬಾಗಿಲ ಪರದೆ ಹಾರುತ್ತದೆ, ಕಿತ್ತುಹಾಕಿ. ಒಬ್ಬ ಮುದುಕ ಕಾವಲುಗಾರ ಗೇಟಿನ ಬಳಿ ಗಿಳಿ ಪಂಜರ ತೂಗುಹಾಕಿಕೊಂಡಿದ್ದ. ಅದನ್ನು ಅಲ್ಲಿಂದ ತೆಗೆಸಿದರು. ಕಾವಲುಗಾರನಿಗೆ ಕೂತಲ್ಲಿ ಕಾಲು ಕುಣಿಸುವ ಚಾಳಿ. “ನಿನ್ನ ಕಾಲಿನ್ಯಾಗ ಜಕ್ಕಿಣಿ ಹೊಕ್ಕಾಳೇನು? ಮಾಲಕರ ಲೈನ್ ತಿನ್ನಾಕತ್ತೀದಿ,” ಎಂದು ಎಲ್ಲರೆದುರು ಗದರಿದರು. ಆಮೇಲೆ ಆ ಮುದುಕ ಎರಡೂ ಅಂಗೈಯಿಂದ ಮೊಣಕಾಲು ಒತ್ತಿ ಹಿಡಿದುಕೊಂಡೇ ಕೂರುತ್ತಿದ್ದ. ಸರ್ ಅದನ್ನು ಫೋನಿನಲ್ಲಿ ನಮಗೆ ತೋರಿಸಿ ನಗುತ್ತಿದ್ದರು. ನಾವೂ ನಗಬೇಕಾಗಿತ್ತು.

ಮನುಷ್ಯರ ಮಾತಿಗೂ ಇದೇ ನಿಯಮ. ನಿನ್ನೆ ಹೇಳಿದ ಕಷ್ಟವನ್ನು ಇವತ್ತು ಮತ್ತೆ ಹೇಳಲು ಯಾರಾದರೂ ಬಾಯಿ ತೆರೆದರೆ ಅವರು ಕತ್ತು ಓರೆ ಮಾಡಿ, “ಹೊಸಾದೇನು?” ಎನ್ನುತ್ತಿದ್ದರು. ಕೇಳಿ ಸುಮ್ಮನೆ ಕಾಯುತ್ತಿದ್ದರು. ಅಪ್ಪನಿಗೆ ಹುಷಾರಿಲ್ಲ ಎಂದರೆ, “ಅದು ನಿನ್ನಿದಾತು. ಹೊಸಾದೇನು?” ಅಪ್ಪ ತೀರಿಕೊಂಡ ಎಂದರೆ ಮಾತ್ರ ರಜೆ. ಹೀಗೆ ರಜೆ ಪಡೆದವನೊಬ್ಬ ನಮ್ಮಲ್ಲಿದ್ದ. ಅವನು ಶೋಕಸಭೆಗೆ ಬಂದಿರಲಿಲ್ಲ.

ಮನೆಯಲ್ಲೂ ಬಿಡಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಮರಾಠಿಯಲ್ಲಿ ಚಿಕ್ಕಮ್ಮನನ್ನು ಕರೆಯುವಂತೆ ಕಾಕೂ ಎನ್ನುತ್ತಿದ್ದೆವು. ಕಡಿಮೆ ಮಾತಿನ, ಗಂಡನ ಮಾತನ್ನು ದೇವರ ಮಾತೆಂದು ನಂಬುವ ಹೆಂಗಸು. ಪಡಸಾಲೆಯಲ್ಲಿ ಅವರ ತವರಿನಿಂದ ಬಂದ ತೂಗುಮಂಚವಿತ್ತು, ಹಿತ್ತಾಳೆ ಸರಪಳಿಯದು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅದರ ಮೇಲೆ ಕೂತು, ಒಂದು ಕಾಲು ನೆಲಕ್ಕೆ ತಾಗಿಸಿ ಮೆಲ್ಲಗೆ ತೂಗಿಕೊಳ್ಳುತ್ತ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಅದೊಂದೇ ಅವರ ಸುಖ. ಅಂಗಡಿಯಲ್ಲಿ ಕೂತು ಮನೆ ನೋಡಬೇಕೆಂದು ಸರ್ ಪಡಸಾಲೆಗೂ ಒಂದು ಕ್ಯಾಮರಾ ಹಾಕಿಸಿದರು. ಮನೆಯಲ್ಲಿದ್ದುದು ಸಿಮ್ ಹಾಕಿದ ಪುಟ್ಟ ಡಬ್ಬಿಯ ಇಂಟರ್ನೆಟ್. ತೂಗುಮಂಚ ತೂಗಿದಾಗೆಲ್ಲ ಚಿತ್ರ ನಿಲ್ಲುತ್ತಿತ್ತು.

ಅದನ್ನು ಇಳಿಸಲು ಹೋದವರಲ್ಲಿ ನಾನೂ ಇದ್ದೆ. ಕಾಕೂ ಸರಪಳಿ ಹಿಡಿದು ನಿಂತೇ ಇದ್ದರು. “ಬ್ಯಾರೆ ಉಪಾಯ ಇಲ್ಲೇನ್ರಿ?” ಎಂದರು, ಅಷ್ಟೇ.

“ಇಲ್ಲ,” ಎಂದರು ಸರ್. “ಅಳ್ಳಾಡೂದನ್ನ ತಗಿಯೂದೊಂದ ಉಪಾಯ. ನಿನಗ ಹೇಳಿದರ ತಿಳಿಯೂದಿಲ್ಲ ಬಿಡು.”

ಬೇರೆ ಉಪಾಯ ಇತ್ತು. ಕ್ಯಾಮರಾದ ಸೆಟ್ಟಿಂಗಿನಲ್ಲಿ ಮಾಸ್ಕ್ ಎಂಬುದೊಂದು ಇರುತ್ತದೆ. ಚಿತ್ರದ ಯಾವ ಮೂಲೆ ಬೇಡವೋ ಅದರ ಮೇಲೆ ಬೆರಳೆಳೆದು ಕಪ್ಪು ಚೌಕ ಹಾಕಿಬಿಡಬಹುದು. ಚೌಕದ ಹಿಂದೆ ಏನು ಅಲುಗಾಡಿದರೂ ಕ್ಯಾಮರಾ ಅದನ್ನು ಕಳಿಸುವುದಿಲ್ಲ. ಒಂದು ನಿಮಿಷದ ಕೆಲಸ. ಇದು ನನಗೆ ಗೊತ್ತಾದದ್ದು ಆಮೇಲೆ. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಗೊತ್ತಾದ ಮೇಲೆ ಬಾಯಿಬಿಟ್ಟೂ ನೋಡಿದೆ. ಕುಪವಾಡದ ಒಂದು ಅರಿಶಿನ ಗೋದಾಮಿನಲ್ಲಿ. ದೊಡ್ಡ ತಗಡಿನ ಶೆಡ್ಡು. ಒಂದು ಬದಿಗೆ ಅರಿಶಿನ ಕೊಂಬು ಉಜ್ಜಿ ಹೊಳಪು ಕೊಡುವ ಡ್ರಮ್ಮು, ಇನ್ನೊಂದು ಬದಿಗೆ ಕೊಂಬು ಆರಿಸುವ ಹೆಂಗಸರ ಸಾಲು. ಅವರಲ್ಲಿ ಅಥಣಿ ಕಡೆಯಿಂದ ಕೂಲಿಗೆ ಬಂದ ರೇಣವ್ವ ಎಂಬುವಳಿದ್ದಳು. ಶೆಡ್ಡಿನ ಕಂಬದಿಂದ ಕಂಬಕ್ಕೆ ಹಳೆಯ ಸೀರೆ ಕಟ್ಟಿ ಕೂಸಿಗೆ ಜೋಳಿಗೆ ಮಾಡಿದ್ದಳು. ಕೈ ಅರಿಶಿನದಲ್ಲಿ, ಕಾಲ ಹೆಬ್ಬೆರಳಿಗೆ ಕಟ್ಟಿದ ಹಗ್ಗ ಜೋಳಿಗೆಯಲ್ಲಿ. ಆಗಾಗ ಕಾಲು ಎಳೆದರೆ ಕೂಸು ತೂಗುತ್ತಿತ್ತು.

ಹೆಂಗಸರ ತಲೆಯ ಮೇಲಿದ್ದ ಫ್ಯಾನನ್ನು ಸರ್ ಮೊದಲೇ ನಿಲ್ಲಿಸಿದ್ದರು. ಈಗ ಫೋನು ನೋಡುತ್ತ ಜೋಳಿಗೆಯ ಕಡೆ ಬೆರಳು ಮಾಡಿದರು. “ಆ ಗಂಟ ಯಾರದು? ತಗೀರಿ. ಹಿಂದಿನ ಕಟ್ಟಿಮ್ಯಾಲ ಕಟ್ರಿ.”

ಕನ್ನಡ ಕೇಳಿ ರೇಣವ್ವನ ಮುಖ ಅರಳಿತು. ತನ್ನ ಮಾತಿನವರು ಸಿಕ್ಕರು ಎಂದು ತಿಳಿದಳು ಪಾಪ. “ಸಾವ್ಕಾರ್ರ, ನಮ್ಮ ಕಡೇದವರೇನ್ರಿ? ಇಲ್ಲೇ ಇರಲಿ ಬಿಡ್ರಿ. ಹಿಂದ ಕಟ್ಟಿದರ ಕೂಸು ಅತ್ತರ ನನಗ ಕೇಳೂದಿಲ್ರಿ. ಈ ಡ್ರಮ್ಮಿನ ಸಪ್ಪಳ ಹಂಗೈತಿ.”

“ಇಲ್ಲೇ ಇಟ್ಕೋ. ಆದರ ಅಳ್ಳಾಡಿಸಬ್ಯಾಡ.”

“ಅಳ್ಳಾಡಿಸದ ಕೂಸು ಮಲಗತೈತೇನ್ರಿ?”

ಆಗ ನಾನು, “ಸರ್, ಆ ಮೂಲೀಗೆ ಮಾಸ್ಕ್ ಹಾಕಬಹುದಲ್ರಿ,” ಎಂದೆ. ಅವರು ನನ್ನ ಕಡೆ ನೋಡಲೂ ಇಲ್ಲ. ರೇಣವ್ವನಿಗೇ ಹೇಳಿದರು: “ಈಕಿ ಹೊಸಬಳು. ಈಕಿಗೇನು ಗೊತ್ತು. ಅಂಥಾದ್ದೇನೂ ಇರೂದಿಲ್ಲ.” ಮರುದಿನದಿಂದ ನನ್ನನ್ನು ಬಿಸಿಲಲ್ಲಿ ತಗಡಿನ ಮೇಲೆ ಕೇಬಲ್ ಎಳೆಯಲು ಹಾಕಿದರು. ಆ ಬೇಸಿಗೆ ನನ್ನ ಅಂಗೈ ಸುಲಿದುಹೋಯಿತು.

ರೇಣವ್ವ ಜೋಳಿಗೆಯನ್ನು ಹಿಂದಿನ ಕಟ್ಟೆಯ ಮೇಲೆ ಕಟ್ಟಿದಳು. ಆ ಕಟ್ಟೆಗೆ ಅಂಟಿಕೊಂಡಿದ್ದದ್ದು ಬೆಲ್ಲದ ಗೋದಾಮು. ಬೆಲ್ಲವಿದ್ದಲ್ಲಿ ಇರುವೆ ಇರುತ್ತದೆ ಎಂಬುದನ್ನು ಸಾಂಗಲಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಂದು ಮಧ್ಯಾಹ್ನ ಕೆಂಪಿರುವೆ ಹಗ್ಗ ಹಿಡಿದು ಜೋಳಿಗೆಗೆ ಇಳಿದವು. ಕೂಸು ಎಷ್ಟು ಹೊತ್ತು ಅತ್ತಿತೋ, ಡ್ರಮ್ಮು ತಿರುಗುತ್ತಿತ್ತು, ಯಾರಿಗೂ ಕೇಳಲಿಲ್ಲ. ಊಟಕ್ಕೆ ಡ್ರಮ್ಮು ನಿಂತ ಮೇಲೆ ರೇಣವ್ವ ಹೋಗಿ ನೋಡಿದರೆ ಕೂಸಿನ ಮುಖ ಬಾತು, ಕಣ್ಣು ಎಲ್ಲಿವೆ ಎಂದೇ ತಿಳಿಯುತ್ತಿರಲಿಲ್ಲ. ಮಿರಜದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಒಂದು ಕಣ್ಣು ಮೊದಲಿನಂತೆ ಆಗಲಿಲ್ಲ.

ರೇಣವ್ವ ಅಂಗಡಿಗೆ ಬಂದಳು. ಜಗಳಕ್ಕೆ ಬಂದಿರಲಿಲ್ಲ, ಕೂಸನ್ನು ತೋರಿಸಲು ಬಂದಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿದ ಕೂಸನ್ನು ಅವರ ಟೇಬಲ್ಲಿನ ಮುಂದೆ ಹಿಡಿದು, “ನೋಡ್ರಿ ಸಾವ್ಕಾರ್ರ, ಹಿಂಗಾತ್ರಿ,” ಎಂದಳು. ಸರ್ ಕೂಸನ್ನು ನೋಡದೆ ಕಂಪ್ಯೂಟರ್ ತಿರುಗಿಸಿ ಆ ದಿನದ ರೆಕಾರ್ಡಿಂಗ್ ಹಾಕಿದರು. ಶೆಡ್ಡು, ಹೆಂಗಸರು, ಅರಿಶಿನದ ರಾಶಿ. ಚಿತ್ರ ಎಲ್ಲೂ ನಿಂತಿರಲಿಲ್ಲ.

“ಇದರಾಗ ಎಲ್ಲೈತಿ ನಿನ್ನ ಇರವಿ? ತೋರಿಸು. ಎಷ್ಟ ಸ್ವಚ್ಛ ಐತಿ ನೋಡು,” ಎಂದರು.

ಅವಳು ನಿಜವಾಗಿಯೂ ನೋಡಿದಳು. ಪರದೆಯ ಹತ್ತಿರ ಬಗ್ಗಿ, ತನ್ನ ಬೆನ್ನು ತನಗೇ ಕಂಡದ್ದನ್ನು ನೋಡುತ್ತ ನಿಂತಳು. ಮರುದಿನವೂ ಬಂದಳು. ಸರ್ ಕತ್ತು ಓರೆ ಮಾಡಿ, “ಹೊಸಾದೇನು?” ಎಂದರು. ಆಮೇಲೆ ಅವಳು ಬರಲಿಲ್ಲ. ಕುಪವಾಡದಲ್ಲೂ ಕಾಣಲಿಲ್ಲ.

ಮಾಸ್ಕ್ ಯಾಕೆ ಹಾಕಲಿಲ್ಲ ಎಂದು ಒಮ್ಮೆ ಮುಖಕ್ಕೇ ಕೇಳಿದೆ. ಆ ದಿನ ಏನೋ ಮನಸ್ಸು ಬಂದು ಉತ್ತರ ಕೊಟ್ಟರು. “ಮಾಲಕರು ಫೋನ್ ತಗದು ನೋಡ್ತಾರ. ಚಿತ್ರದಾಗ ಒಂದ ಕರೀ ಚೌಕ. ಇದರ ಹಿಂದ ಏನ್ ಮುಚ್ಚಿಟ್ಟೀರಿ ಅಂತಾರ. ಗೋದಾಮ ಪೂರಾ ಕಾಣಬೇಕು ಅವರಿಗೆ. ಕೂಸು ಯಾರಿಗೆ ಬೇಕಾಗೇತಿ?” ಹಿರಿಯರ ಕಾಲದಲ್ಲಿ ಇದೇ ವ್ಯಾಪಾರಿಗಳು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಅರಿಶಿನದ ದರ ಕಟ್ಟುತ್ತಿದ್ದರು, ಪಕ್ಕದವನಿಗೂ ಗೊತ್ತಾಗದಂತೆ. ಅಂಥವರ ಮೊಮ್ಮಕ್ಕಳಿಗೆ ಚಿತ್ರದಲ್ಲಿ ಅಂಗೈಯಗಲದ ಕಪ್ಪು ಸಹಿಸಲಾಗುವುದಿಲ್ಲ. ಆ ಮಾತು ನಿಜವೇ ಇರಬಹುದು. ಆದರೆ ಕಾಕೂರ ಪಡಸಾಲೆಗೆ ಯಾವ ಮಾಲಕರಿದ್ದರು? ಅಲ್ಲಿ ತೂಗುಮಂಚ ಇಳಿಸಿದ್ದು ತಮ್ಮ ಮಾತಿಗೆ ಮನೆ ಬಗ್ಗುತ್ತದೆಯೋ ಇಲ್ಲವೋ ನೋಡಲಿಕ್ಕೆ.

ನಾನು ಕೆಲಸ ಬಿಟ್ಟು ಮಿರಜ ರಸ್ತೆಯಲ್ಲಿ ನನ್ನದೇ ಅಂಗಡಿ ಹಾಕಿದೆ. ಹೋಗುವಾಗ ಅವರು, “ಹೋಗು, ಹೊಳ್ಳಿ ಬರ್ತೀದಿ,” ಎಂದರು. ನಾನು ಹೊಳ್ಳಿ ಹೋಗಲಿಲ್ಲ. ಕೆಲವು ವರ್ಷಕ್ಕೆ ಅವರಿಗೆ ಲಕ್ವಾ ಹೊಡೆಯಿತು. ಮಾತು ನಿಂತಿತು, ಬಲಭಾಗ ಹೋಯಿತು, ಎಡಗೈ ಒಂದು ಉಳಿಯಿತು. ಮಿರಜದ ದವಾಖಾನೆಯಿಂದ ಮನೆಗೆ ತಂದು ಪಡಸಾಲೆಯಲ್ಲಿ ಮಂಚ ಹಾಕಿದರು. ಪುಣೆಯಲ್ಲಿರುವ ಮಗಳು ಅಪ್ಪನನ್ನು ಫೋನಿನಲ್ಲಿ ನೋಡುತ್ತೇನೆ ಎಂದಳು. ಹಳೆಯ ಕ್ಯಾಮರಾ ಅಲ್ಲೇ ಇತ್ತು.

ಕಾಕೂ ನನಗೆ ಫೋನು ಮಾಡಿದರು. “ತಂಗೀ, ಮಗಳಿಗೆ ಚಿತ್ರ ನಿಂತ ನಿಂತ ಬರತೈತಂತ. ಒಮ್ಮೆ ಬಂದು ನೋಡ್ತೀಯೇನವಾ?” ಎರಡು ದಿನ ಬಿಟ್ಟು ಅವರೇ ಮತ್ತೆ ಮಾಡಿ, “ಬ್ಯಾಡ ಬಿಡು, ಸರಿ ಮಾಡೇನಿ,” ಎಂದರು. ಕಾಕೂ ಸರಿ ಮಾಡಿದರು ಎಂದರೆ ನನಗೆ ಆಶ್ಚರ್ಯ. ನೋಡಿಬರೋಣ ಎಂದು ಹೋದೆ.

ಬೇಸಿಗೆಯ ಮಧ್ಯಾಹ್ನ. ಪಡಸಾಲೆಯಲ್ಲಿ ಫ್ಯಾನು ನಿಂತಿತ್ತು. ಕಿಟಕಿಯ ಪರದೆ ತೆಗೆದು ಮಡಚಿಟ್ಟಿದ್ದರು. ಸರ್ ಬೆವರಿನಲ್ಲಿ ತೊಯ್ದು ಮಲಗಿದ್ದರು. ಅವರ ಎಡಗೈಯ ಮಣಿಕಟ್ಟನ್ನು ಮೆತ್ತಗಿನ ಹಳೆಯ ಸೀರೆಯ ತುಂಡಿನಿಂದ ಮಂಚದ ಸರಳಿಗೆ ಕಟ್ಟಿತ್ತು. ಗಾಯವಾಗದಂತೆ, ಒಳಗೆ ಹತ್ತಿ ಇಟ್ಟು, ಅಕ್ಕರೆಯಿಂದ ಕಟ್ಟಿದ ಗಂಟು.

“ಕಾಕೂ, ಇದೇನ್ರಿ?”

“ಕೈ ಒಂದ ಸವನ ಅಳ್ಳಾಡಿಸ್ತಿದ್ರವಾ. ಹಾಸಿಗಿ ಬಡೀತಿದ್ರು, ನನ್ನ ಕರೀತಿದ್ರು. ಚಿತ್ರ ನಿಲ್ಲೂದು ಅದಕ್ಕ ಇರಬೇಕು ಅಂದ್ಕೊಂಡೆ. ಅವರ ಹೇಳ್ತಿದ್ರಲ್ಲ, ಅಳ್ಳಾಡೂದನ್ನ ತಗೀಬೇಕು, ಬ್ಯಾರೆ ಉಪಾಯ ಇಲ್ಲ ಅಂತ. ಈಗ ನೋಡು, ಮಗಳಿಗೆ ಛಲೋ ಕಾಣತೈತಂತ.”

ಅವರ ಧ್ವನಿಯಲ್ಲಿ ಕೊಂಕು ಇರಲಿಲ್ಲ. ಗಂಡನಿಂದ ಕಲಿತ ಒಂದೇ ಒಂದು ವಿದ್ಯೆಯನ್ನು ತಪ್ಪಿಲ್ಲದೆ ಮಾಡಿ ತೋರಿಸಿದ ಸಮಾಧಾನವಿತ್ತು. ಸರ್ ನನ್ನನ್ನೇ ನೋಡುತ್ತಿದ್ದರು. ಒಂದು ಕೈಯ ಅಲುಗಾಟಕ್ಕೆ ಯಾವ ಲೈನೂ ತುಂಬುವುದಿಲ್ಲ, ಫ್ಯಾನಿನದೊಂದೇ ತೊಡಕು, ಅದಕ್ಕೂ ಮಾಸ್ಕ್ ಹಾಕಿದರೆ ಮುಗಿಯಿತು ಎಂಬುದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬರಿಗೆ ಬಾಯಿ ಇರಲಿಲ್ಲ.

ನಾನು ಹೇಳಿದೆ. ಇರುವುದನ್ನು ಇದ್ದಂತೆ ಹೇಳಿದೆ. ಕೈಯಿಂದ ಏನೂ ಆಗುವುದಿಲ್ಲ ಎಂದೆ. ಕಾಕೂರ ಫೋನು ಇಸಿದುಕೊಂಡು, ಚಿತ್ರದಲ್ಲಿದ್ದ ಫ್ಯಾನಿನ ಮೇಲೆ ಬೆರಳೆಳೆದು ಕಪ್ಪು ಚೌಕ ಹಾಕಿ ತೋರಿಸಿದೆ. ಕಾಕೂ ಬಗ್ಗಿ ಆ ಚೌಕವನ್ನು ನೋಡಿದರು.

“ಇಷ್ಟ ಏನು?”

“ಇಷ್ಟರಿ.”

“ಇದು ಮೊದಲಿಂದ ಇತ್ತೇನು?”

“ಇತ್ರಿ.”

“ಇವರಿಗೆ ಗೊತ್ತಿತ್ತೇನು?”

ಕಾಕೂ ಗಂಡನ ಮುಖ ನೋಡಿದರು, ಸರ್ ಕಣ್ಣು ಮುಚ್ಚಿಕೊಂಡರು. ಕಾಕೂ ತಲೆಯೆತ್ತಿ ಮೇಲೆ ನೋಡಿದರು. ತೂಗುಮಂಚದ ಕಬ್ಬಿಣದ ಕೊಂಡಿಗಳು ಇನ್ನೂ ತೊಲೆಯಲ್ಲೇ ಇದ್ದವು. ಕೆಳಗೆ, ಅದೇ ಜಾಗದಲ್ಲಿ, ಮಂಚ.

ಅವರು ಎದ್ದು ಫ್ಯಾನು ಹಾಕಿದರು. ಕುರ್ಚಿಯೊಂದನ್ನು ಎಳೆದು ಫ್ಯಾನಿನ ಕೆಳಗೆ ಇಟ್ಟುಕೊಂಡು ಕೂತು, ಸೆರಗಿನಿಂದ ಕತ್ತು ಒರೆಸಿಕೊಂಡರು. ಕಟ್ಟಿದ ಕೈಯ ಬೆರಳುಗಳು ಸರಳಿನ ಮೇಲೆ ಟಕ್ ಟಕ್ ಎಂದು ಬಡಿಯತೊಡಗಿದವು.

“ಕಾಕೂ, ಕೈ ಬಿಚ್ಚಲೇನ್ರಿ?” ಎಂದೆ.

ಕಾಕೂ ನನ್ನ ಕಡೆ ನೋಡಲಿಲ್ಲ. ಗಂಡನ ಕಡೆ ಬಗ್ಗಿ, ಕತ್ತು ಸ್ವಲ್ಪ ಓರೆ ಮಾಡಿ, “ಹೊಸಾದೇನು?” ಎಂದರು. ಕೇಳಿ, ಸರ್ ಕಾಯುತ್ತಿದ್ದಂತೆಯೇ, ಸುಮ್ಮನೆ ಕಾದರು. ಬೆರಳು ಬಡಿಯುವುದು ನಿಂತಿತು.

“ಕುಂದ್ರು ತಂಗೀ, ಚಹಾ ಇಡ್ತೀನಿ. ಕುಡದು ಹೋಗು,” ಎಂದು ಕಾಕೂ ಫೋನು ಹಿಡಿದುಕೊಂಡು ಒಳಗೆ ಹೋದರು. ಅದು ಕಾಕೂ ಹಾಕಿದ ಗಂಟು, ಬಿಚ್ಚುವುದೂ ಇಡುವುದೂ ಅವರಿಗೆ ಸೇರಿದ್ದು ಎಂದು ನಾನು ಕೂತೆ. ಒಲೆಯ ಪಕ್ಕದ ಗೂಡಿನಲ್ಲಿ ಅವರ ಫೋನು ಒರಗಿತ್ತು. ಅದರಲ್ಲಿ ಪಡಸಾಲೆಯ ಮಂಚ, ಸರಳಿಗೆ ಕಟ್ಟಿದ ಕೈ ಕೂತಲ್ಲಿಂದ ನನಗೂ ಕಾಣುತ್ತಿತ್ತು. ಚಿತ್ರ ಎಲ್ಲೂ ನಿಲ್ಲದೆ ಬರುತ್ತಿತ್ತು.